ಚಳಿಗಾಲದ ರಾತ್ರಿಗೆ ಹೊಟ್ಟೆ ತುಂಬುವ ಚಿಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ, ಜೊತೆಗೆ ಚಳಿ ಬೇರೆ. ಅಂಥ ರಾತ್ರಿಗೆ ಒಂದೇ ಪಾತ್ರೆಯಲ್ಲಿ ಆಗಿಹೋಗುವ ಅಡುಗೆ ಚಿಲಿ, ಅಂದರೆ ಮಾಂಸ, ಮೆಣಸಿನಕಾಯಿ, ಮಸಾಲೆ ಹಾಕಿ ಕುದಿಸುವ ಗಟ್ಟಿ ಸಾರು. ಖೀಮಾ, ಕೊಬ್ಬು, ಚೀಸ್ ಸುರಿದು ಮಾಡುವ ಭಾರಿ ಊಟ ಎಂಬ ಹೆಸರು ಇದಕ್ಕಿದೆ. ಹಾಗೇ ಮಾಡಬೇಕೆಂದೇನಿಲ್ಲ. ಚಿಲಿಗೆ ರುಚಿ ಬರುವುದು ಚೆನ್ನಾಗಿ ಹುರಿಯುವುದರಿಂದ ಮತ್ತು ಒಳ್ಳೆಯ ಮೆಣಸಿನಕಾಯಿಯಿಂದ. ಈ ಎರಡು ಸರಿಯಾಗಿದ್ದರೆ ಕೊಬ್ಬನ್ನೂ ಉಪ್ಪನ್ನೂ ಧೈರ್ಯವಾಗಿ ಇಳಿಸಬಹುದು. ಕೆಳಗಿನ ಉತ್ತರಗಳೆಲ್ಲ ಇದೇ ಲೆಕ್ಕದಲ್ಲಿವೆ.

ಚಿಲಿ ಎಲ್ಲಿಯ ಅಡುಗೆ?

ಅಮೆರಿಕದ ಟೆಕ್ಸಸ್‌ನದು. ಅಲ್ಲಿನ ಸ್ಯಾನ್ ಆಂಟೋನಿಯೊ ಊರಿನಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಹೆಂಗಸರು ಚೌಕಗಳಲ್ಲಿ ಮೇಜು ಹಾಕಿಕೊಂಡು ಸಂಜೆಯಿಂದ ಚಿಲಿ ಮಾರುತ್ತಿದ್ದರು. ಅವರನ್ನು ಜನ ‘ಚಿಲಿ ಕ್ವೀನ್ಸ್’ ಎಂದೇ ಕರೆಯುತ್ತಿದ್ದರು. 1893ರಲ್ಲಿ ಷಿಕಾಗೊದಲ್ಲಿ ನಡೆದ ದೊಡ್ಡ ಜಾಗತಿಕ ಮೇಳದಲ್ಲಿ ಸ್ಯಾನ್ ಆಂಟೋನಿಯೊ ಚಿಲಿಯದೇ ಒಂದು ಅಂಗಡಿ ಇತ್ತು. ಆಮೇಲೆ ಇದರ ರುಚಿ ದೇಶಕ್ಕೆಲ್ಲ ಹರಡಿತು. 1977ರಲ್ಲಿ ಟೆಕ್ಸಸ್ ಇದನ್ನು ತನ್ನ ರಾಜ್ಯದ ಅಧಿಕೃತ ಅಡುಗೆ ಎಂದು ಘೋಷಿಸಿತು.

ಕಾಳು ಹಾಕಿದರೆ ಅದು ನಿಜವಾದ ಚಿಲಿಯೇ ಅಲ್ಲವಂತೆ, ಹೌದಾ?

ಟೆಕ್ಸಸ್‌ನವರನ್ನು ಕೇಳಿದರೆ ಹೌದು. ಅವರ ಪ್ರಕಾರ ಮಾಂಸ, ಒಣ ಮೆಣಸಿನಕಾಯಿ, ಮಸಾಲೆ ಇಷ್ಟೇ. ಟರ್ಲಿಂಗ್ವಾ ಎಂಬ ಪುಟ್ಟ ಊರಿನಲ್ಲಿ 1967ರಿಂದ ಚಿಲಿ ಸ್ಪರ್ಧೆ ನಡೆಯುತ್ತಿದೆ. ಅಲ್ಲಿನ ಸಾಂಪ್ರದಾಯಿಕ ಚಿಲಿ ಪಂದ್ಯದಲ್ಲಿ ಪಾತ್ರೆಗೆ ಕಾಳು ಬೀಳುವ ಹಾಗೇ ಇಲ್ಲ. ಅದೇ ಅಮೆರಿಕದ ಸಿನ್ಸಿನಾಟಿಯಲ್ಲಿ ಚಿಲಿಗೆ ಚಕ್ಕೆ ಹಾಕಿ ಸ್ಪಗೆಟಿ ಮೇಲೆ ಸುರಿದು ತಿನ್ನುತ್ತಾರೆ, ಬೇಕಾದವರಿಗೆ ಕಾಳನ್ನೂ ಹಾಕಿಕೊಡುತ್ತಾರೆ.

ನಮಗೆ ಪಂದ್ಯ ಗೆಲ್ಲಬೇಕಾಗಿಲ್ಲ. ಈ ಅಡುಗೆಯನ್ನು ಆರೋಗ್ಯದ ಕಡೆಗೆ ತಿರುಗಿಸಲು ಕಾಳಿಗಿಂತ ಸುಲಭದ ದಾರಿ ಇನ್ನೊಂದಿಲ್ಲ. ಬೇಯಿಸಿದ ಒಂದು ಕಪ್ ರಾಜ್ಮಾದಲ್ಲಿ ಸುಮಾರು 15 ಗ್ರಾಂ ಪ್ರೊಟೀನ್, 11ರಿಂದ 13 ಗ್ರಾಂ ನಾರು ಇರುತ್ತದೆ, ಕೊಬ್ಬು ಒಂದು ಗ್ರಾಂ ಇದ್ದರೆ ಹೆಚ್ಚು. ಮಾಂಸ ಅರ್ಧ ಕಡಿಮೆ ಮಾಡಿ ಆ ಜಾಗಕ್ಕೆ ಕಾಳು ಹಾಕಿ ನೋಡಿ. ತಿಂದವರಿಗೆ ಏನೋ ಕಡಿಮೆಯಾಯಿತು ಅಂತ ಅನ್ನಿಸುವುದಿಲ್ಲ.

ಆರು ಜನಕ್ಕೆ ಎಷ್ಟೆಷ್ಟು ಹಾಕಬೇಕು?

ಕೊಬ್ಬು ಕಡಿಮೆ ಇರುವ ಖೀಮಾ 450 ಗ್ರಾಂ, ಬೇಯಿಸಿ ಬಸಿದ ಕಾಳು 500 ಗ್ರಾಂ (ಡಬ್ಬಿಯದಾದರೆ 400 ಗ್ರಾಂನ ಎರಡು ಡಬ್ಬಿ), ದೊಡ್ಡ ಈರುಳ್ಳಿ 2, ದಪ್ಪ ಮೆಣಸಿನಕಾಯಿ 2, ಬೆಳ್ಳುಳ್ಳಿ 5–6 ಎಸಳು, ಹೆಚ್ಚಿದ ಟೊಮೆಟೊ 800 ಗ್ರಾಂ, ಟೊಮೆಟೊ ಪೇಸ್ಟ್ 2 ದೊಡ್ಡ ಚಮಚ, ಎಣ್ಣೆ ಒಂದೂವರೆ ದೊಡ್ಡ ಚಮಚ, ನೀರು ಒಂದೂಕಾಲು ಕಪ್.

ಮಸಾಲೆಗೆ ಖಾರ ಕಡಿಮೆ ಇರುವ, ಬಣ್ಣ ಚೆನ್ನಾಗಿರುವ ಮೆಣಸಿನಕಾಯಿ ಪುಡಿ 2 ದೊಡ್ಡ ಚಮಚ, ಜೀರಿಗೆ ಪುಡಿ 1 ದೊಡ್ಡ ಚಮಚ, ಓರೆಗಾನೊ 2 ಟೀ ಚಮಚ, ಹೊಗೆಯಾಡಿಸಿದ ಪ್ಯಾಪ್ರಿಕಾ (ಒಂದು ಬಗೆಯ ಕೆಂಪು ಮೆಣಸಿನ ಪುಡಿ) 1 ಟೀ ಚಮಚ, ಸಿಹಿ ಸೇರಿಸದ ಕೋಕೊ ಪುಡಿ 1 ಟೀ ಚಮಚ. ಉಪ್ಪು ಮೊದಲಿಗೆ ಅರ್ಧ ಟೀ ಚಮಚ, ಉಳಿದದ್ದು ಕೊನೆಗೆ ರುಚಿ ನೋಡಿಕೊಂಡು. ಒಂದು ನಿಂಬೆಹಣ್ಣು.

ಹೀಗೆ ಮಾಡಿದರೆ ಒಂದು ಬಟ್ಟಲಿಗೆ ಸುಮಾರು 330 ಕ್ಯಾಲರಿ. ಪ್ರೊಟೀನ್ 20 ಗ್ರಾಂ ದಾಟುತ್ತದೆ. ಚೀಸ್ ಹಾಕಿದರೆ ಲೆಕ್ಕ ಬೇರೆ, ಅದರ ಮಾತು ಆಮೇಲೆ.

ಮಾಡುವ ಕ್ರಮ ಹೇಳಿ.

ಅಗಲವಾದ, ತಳ ದಪ್ಪ ಇರುವ ಪಾತ್ರೆ ಚೆನ್ನಾಗಿ ಕಾಯಲಿ. ಅರ್ಧ ದೊಡ್ಡ ಚಮಚ ಎಣ್ಣೆ ಹಾಕಿ, ಖೀಮಾವನ್ನು ತೆಳ್ಳಗೆ ಹರಡಿ, ಮೂರು ನಾಲ್ಕು ನಿಮಿಷ ಮುಟ್ಟಲೇಬೇಡಿ. ಇಲ್ಲೇ ತುಂಬಾ ಜನ ಅವಸರ ಮಾಡುವುದು. ಹಾಕಿದ ಕೂಡಲೇ ಕೈಯಾಡಿಸುತ್ತಾ ಇದ್ದರೆ ಖೀಮಾ ನೀರು ಬಿಟ್ಟು, ಆ ನೀರಿನಲ್ಲೇ ಬೆಂದು ಬೂದು ಬಣ್ಣಕ್ಕೆ ತಿರುಗುತ್ತದೆ. ಸುಮ್ನೆ ಬಿಟ್ಟರೆ ಮೊದಲು ನೀರಿನ ಸದ್ದು, ಆಮೇಲೆ ಅದು ನಿಂತು ಚಟಪಟ ಸದ್ದು ಬರುತ್ತದೆ. ಅಂಚು ಕಂದಾಗುತ್ತದೆ, ತಳದಲ್ಲಿ ಕಂದು ಪದರ ಅಂಟಿಕೊಳ್ಳುತ್ತದೆ. ಈಗ ಮಗುಚಿ, ಒಡೆದು, ಇನ್ನೆರಡು ನಿಮಿಷ ಹುರಿದು ಒಂದು ತಟ್ಟೆಗೆ ತೆಗೆದಿಡಿ. ತಳದ ಪದರವನ್ನು ತೊಳೆಯಬೇಡಿ, ರುಚಿಯೆಲ್ಲ ಅದರಲ್ಲೇ ಇರುವುದು.

ಅದೇ ಪಾತ್ರೆಗೆ ಉಳಿದ ಎಣ್ಣೆ, ಈರುಳ್ಳಿ, ದಪ್ಪ ಮೆಣಸಿನಕಾಯಿ. ಈರುಳ್ಳಿ ಬಿಡುವ ನೀರಿನಲ್ಲಿ ತಳಕ್ಕೆ ಅಂಟಿದ್ದು ತಾನಾಗಿ ಬಿಟ್ಟುಕೊಳ್ಳುತ್ತದೆ, ಸೌಟಿನಿಂದ ಕೆರೆದು ಬೆರೆಸಿ. ಎಂಟು ನಿಮಿಷ ಬಾಡಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಟೊಮೆಟೊ ಪೇಸ್ಟ್ ಹಾಕಿ. ಪೇಸ್ಟ್ ಕೆಂಪಿನಿಂದ ಇಟ್ಟಿಗೆ ಬಣ್ಣಕ್ಕೆ ತಿರುಗಲಿ. ಉರಿ ಸಣ್ಣ ಮಾಡಿ ಪುಡಿಗಳನ್ನೆಲ್ಲ ಹಾಕಿ, ಒಂದು ನಿಮಿಷ ಕೈ ಬಿಡದೆ ಹುರಿಯಿರಿ. ಘಮ ಬಂದ ತಕ್ಷಣ ಟೊಮೆಟೊ ಸುರಿಯಬೇಕು. ತಡವಾದರೆ ಮೆಣಸಿನ ಪುಡಿ ಸೀದು ಕಹಿಯಾಗುತ್ತದೆ, ಆ ಕಹಿ ಹೋಗುವುದೇ ಇಲ್ಲ.

ಖೀಮಾ, ಕಾಳು, ನೀರು, ಅರ್ಧ ಟೀ ಚಮಚ ಉಪ್ಪು ಸೇರಿಸಿ ಕುದಿ ಬರಿಸಿ. ಉರಿ ಸಣ್ಣ ಮಾಡಿ, ಮುಚ್ಚಳ ಸ್ವಲ್ಪ ಓರೆ ಇಟ್ಟು 30 ನಿಮಿಷ ಬಿಡಿ. ನಡುನಡುವೆ ತಳ ಹಿಡಿಯದಂತೆ ನೋಡಿಕೊಳ್ಳಿ. ಇಳಿಸಿದ ಮೇಲೆ ನಿಂಬೆರಸ ಹಿಂಡಿ ಉಪ್ಪು ನೋಡಿ. ಹೆಚ್ಚುವ ಕೆಲಸವೂ ಸೇರಿ ಒಟ್ಟು ಒಂದು ಗಂಟೆ. ಅದರಲ್ಲಿ ಅರ್ಧ ಗಂಟೆ ಅದರ ಪಾಡಿಗೆ ಅದು ಕುದಿಯುತ್ತಿರುತ್ತದೆ.

ಮೆಣಸಿನ ಪುಡಿ ಎರಡು ಮೂರು ದೊಡ್ಡ ಚಮಚ ಹಾಕಿದರೆ ತಿನ್ನೋಕೆ ಆಗುತ್ತಾ?

ಯಾವ ಪುಡಿ ಅನ್ನುವುದರ ಮೇಲಿದೆ. ಅಮೆರಿಕದ ಅಡುಗೆ ವಿಧಾನಗಳಲ್ಲಿ ‘ಚಿಲಿ ಪೌಡರ್’ ಎಂದಿದ್ದರೆ ಅದು ಬರೀ ಮೆಣಸಿನ ಪುಡಿ ಅಲ್ಲ. ಖಾರ ಕಡಿಮೆ ಇರುವ ಮೆಣಸಿನಕಾಯಿಗೆ ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಪುಡಿ, ಎಷ್ಟೋ ಸಲ ಉಪ್ಪನ್ನೂ ಬೆರೆಸಿದ ಮಸಾಲೆ ಅದು. ಟೆಕ್ಸಸ್‌ನ ವಿಲಿಯಂ ಗೆಬ್‌ಹಾರ್ಟ್ 1890ರ ದಶಕದಲ್ಲಿ ಇಂಥ ಪುಡಿ ಮಾಡಿ ಮಾರಲು ಶುರುಮಾಡಿದವರು. ಆ ಅಳತೆಗೆ ಸರಿಯಾಗಿ ಖಾರದ ಪುಡಿ ಸುರಿದರೆ ಇಡೀ ಪಾತ್ರೆ ಕೆಟ್ಟಂತೆಯೇ.

ಖಾರದ ಅಂತರ ಎಷ್ಟಿದೆ ನೋಡಿ. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಚಿಲಿಗೆ ಬಳಸುವ ಆಂಚೊ ಮೆಣಸಿನಕಾಯಿ ಸುಮಾರು 1,000ದಿಂದ 2,000. ಹಲಪೀನ್ಯೊ 2,500ರಿಂದ 8,000. ಕಯೆನ್ ಮೆಣಸಿನಕಾಯಿ 30,000ದಿಂದ 50,000. ಹಾಗಾಗಿ ಬಣ್ಣ, ಪರಿಮಳಕ್ಕೆ ಖಾರ ಕಡಿಮೆ ಇರುವುದನ್ನು ಧಾರಾಳವಾಗಿ ಹಾಕಿ. ಖಾರಕ್ಕೆ ಬೇರೆ ಪುಡಿಯನ್ನು ಕಾಲು ಟೀ ಚಮಚದಿಂದ ಶುರುಮಾಡಿ. ಇನ್ನೂ ಒಳ್ಳೆಯದು ಬೇಕಾದರೆ ಒಣ ಆಂಚೊ ಕಾಯಿಗಳನ್ನೇ ತಂದು, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ ರುಬ್ಬಿ ಹಾಕಿ. ವಾರದ ನಡುವಿನ ರಾತ್ರಿಗೆ ಇದು ಜಾಸ್ತಿ ಕೆಲಸ, ಒಪ್ಪುತ್ತೇನೆ. ರಜೆಯ ದಿನ ಒಂದು ಬಾಟಲಿ ರುಬ್ಬಿ ಫ್ರೀಜರ್‌ಗೆ ಹಾಕಿಟ್ಟರೆ ಆಯ್ತು.

ಯಾವ ಖೀಮಾ ಒಳ್ಳೆಯದು?

ಹಸಿ ಗೋಮಾಂಸದ ಖೀಮಾದಲ್ಲಿ 20 ಶೇಕಡಾ ಕೊಬ್ಬಿನದು, 10 ಶೇಕಡಾದ್ದು ಎಂದು ಬರುತ್ತದೆ. ಚಿಲಿಗೆ 10ರದು ಸಾಕು. ಟರ್ಕಿ ಅಥವಾ ಕೋಳಿ ಖೀಮಾ ಇನ್ನೂ ಹಗುರ. ಆದರೆ ಬರೀ ಎದೆ ಭಾಗದ್ದಾದರೆ ಒಣಒಣ ಅನ್ನಿಸುತ್ತದೆ, ತೊಡೆಯ ಮಾಂಸ ಬೆರೆತಿದ್ದರೆ ಚೆನ್ನ. ಹಂದಿ, ಗೋಮಾಂಸದ ಖೀಮಾ ಒಳಗೆ 71 ಡಿಗ್ರಿ ಸೆಲ್ಸಿಯಸ್, ಕೋಳಿ ಮತ್ತು ಟರ್ಕಿ 74 ಡಿಗ್ರಿ ಮುಟ್ಟಬೇಕು. ಅರ್ಧ ಗಂಟೆ ಕುದಿಯುವ ಅಡುಗೆಯಲ್ಲಿ ಇದರ ಚಿಂತೆ ಬೇಕಿಲ್ಲ.

ಜಿಡ್ಡು ಜಾಸ್ತಿ ಇರುವ ಖೀಮಾವೇ ಸಿಕ್ಕಿದರೆ, ಹುರಿದಾದ ಮೇಲೆ ಪಾತ್ರೆ ಓರೆ ಮಾಡಿ ಕೊಬ್ಬನ್ನು ಚಮಚದಿಂದ ತೆಗೆದುಬಿಡಿ. ಒಂದು ಚಮಚ ಉಳಿಸಿಕೊಂಡು ಈರುಳ್ಳಿ ಅದರಲ್ಲೇ ಹುರಿಯಿರಿ, ಎಣ್ಣೆ ಬೇಕಾಗುವುದಿಲ್ಲ.

ಮಾಂಸವೇ ಇಲ್ಲದೆ ಮಾಡಬಹುದಾ?

ಧಾರಾಳವಾಗಿ. ಆದರೆ ಮಾಂಸ ತೆಗೆದು ಬರೀ ಕಾಳು ಟೊಮೆಟೊ ಉಳಿಸಿದರೆ ಸಪ್ಪೆ ಅನ್ನಿಸುವುದು ಸಹಜ. ಆ ಗಟ್ಟಿ ರುಚಿ ಬೇರೆ ಕಡೆಯಿಂದ ಬರಬೇಕು. ನನ್ನ ಆಯ್ಕೆ ಅಣಬೆ. 400 ಗ್ರಾಂ ಅಣಬೆಯನ್ನು ಸಣ್ಣಗೆ ಕೊಚ್ಚಿ, ಉಪ್ಪು ಹಾಕದೆ, ಅಗಲ ಪಾತ್ರೆಯಲ್ಲಿ ನೀರೆಲ್ಲ ಆರಿ ಕಂದಾಗುವವರೆಗೆ ಹುರಿಯಿರಿ. ಹತ್ತು ಹನ್ನೆರಡು ನಿಮಿಷ ಬೇಕು, ಮೊದಲ ಐದು ನಿಮಿಷ ಬರೀ ನೀರೇ ಕಾಣುತ್ತದೆ, ಗಾಬರಿ ಬೇಡ. ಕೊನೆಗೆ ಒಂದು ಟೀ ಚಮಚ ಸೋಯಾ ಸಾಸ್ ಬಿದ್ದರೆ ಅದರ ರುಚಿಯೇ ಬೇರೆ.

ಎರಡು ಮೂರು ಬಗೆಯ ಕಾಳು ಬೆರೆಸಿ. ಕಪ್ಪು ಬೀನ್ಸ್, ರಾಜ್ಮಾ, ಕಂದು ಲೆಂಟಿಲ್ (ಸಿಪ್ಪೆ ಇರುವ ಇಡೀ ಮಸೂರ). ಲೆಂಟಿಲ್ ಸ್ವಲ್ಪ ಕರಗಿ ಖೀಮಾದ ಹಾಗೆ ಸಾರಿಗೆ ಮೈ ಕೊಡುತ್ತದೆ. ಗೆಣಸಿನ ಹೋಳೂ ಚೆನ್ನಾಗಿ ಹೊಂದುತ್ತದೆ, ಖಾರಕ್ಕೆ ಅದರ ಸಿಹಿ ಒಳ್ಳೆಯ ಜೋಡಿ. ಕ್ಯಾರೆಟ್ ಸಣ್ಣಗೆ ತುರಿದು ಹಾಕಬಹುದು. ಬ್ರೊಕೊಲಿ, ಹೂಕೋಸಿನಂಥವು ಮಾತ್ರ ಬೇಡ, ಕುದಿದು ವಾಸನೆ ಕೆಡಿಸುತ್ತವೆ.

ಒಣ ರಾಜ್ಮಾವನ್ನು ನೇರವಾಗಿ ಚಿಲಿಗೆ ಹಾಕಿ ಬೇಯಿಸಬಹುದಾ?

ಬೇಡ. ಬೇಯಲು ತಡ ಎನ್ನುವುದಷ್ಟೇ ಕಾರಣವಲ್ಲ. ಹಸಿ ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷವಸ್ತು ಜಾಸ್ತಿ ಇರುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಕೆಲವು ಗಂಟೆಗಳಲ್ಲಿ ಜೋರು ವಾಂತಿ, ಭೇದಿ ಶುರುವಾಗಬಹುದು. ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿ. ಆಮೇಲೆ ಉರಿ ಇಳಿಸಿ ಮೆತ್ತಗಾಗುವವರೆಗೆ ಬೇಯಿಸಿ. ಪ್ರೆಶರ್ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿದರೂ ಸರಿಯೇ.

ಸ್ಲೋ ಕುಕ್ಕರ್ (ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ) ಇರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದರ ಬಿಸಿ ಎಷ್ಟೋ ಸಲ ಕುದಿಯುವ ಮಟ್ಟಕ್ಕೆ ಹೋಗುವುದೇ ಇಲ್ಲ. 80 ಡಿಗ್ರಿ ಆಸುಪಾಸಿನಲ್ಲಿ ಬಿಸಿಯಾದ ರಾಜ್ಮಾ ಹಸಿಯದಕ್ಕಿಂತಲೂ ಹೆಚ್ಚು ತೊಂದರೆ ಕೊಡಬಲ್ಲದು. ಡಬ್ಬಿಯ ಕಾಳು ಮೊದಲೇ ಬೆಂದಿರುತ್ತದೆ, ಅದಕ್ಕೆ ಈ ಭಯ ಇಲ್ಲ.

ಎಷ್ಟು ಹೊತ್ತು ಬೇಯಿಸಿದರೂ ಕಾಳು ಗಟ್ಟಿಯಾಗೇ ಇದೆ. ಏಕೆ?

ಮುಕ್ಕಾಲು ಪಾಲು ಟೊಮೆಟೊ ಕಾರಣ. ಹುಳಿ ಇದ್ದಲ್ಲಿ ಕಾಳಿನ ಸಿಪ್ಪೆ ಮೆತ್ತಗಾಗುವುದಿಲ್ಲ. ಕಾಳು ಪೂರ್ತಿ ಬೆಂದ ಮೇಲಷ್ಟೇ ಟೊಮೆಟೊ ಜೊತೆ ಸೇರಬೇಕು. ಗಡಸು ನೀರು, ತುಂಬಾ ಹಳೆಯ ಕಾಳು ಕೂಡ ಕಾರಣ ಇರಬಹುದು. ನೆನೆಸುವ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಸಹಾಯವಾಗುತ್ತದೆ. ಉಪ್ಪು ಹಾಕಿ ನೆನೆಸಿದರೆ ಕಾಳು ಗಟ್ಟಿಯಾಗುತ್ತದೆ ಎನ್ನುತ್ತಾರೆ. ಆಗುವುದು ಅದರ ಉಲ್ಟಾ, ಸಿಪ್ಪೆ ಮೆತ್ತಗಾಗುತ್ತದೆ.

ಉಪ್ಪು ಕಡಿಮೆ ಮಾಡಿದರೆ ಸಪ್ಪೆ ಆಗುವುದಿಲ್ಲವಾ?

ಚಿಲಿಯಲ್ಲಿ ಉಪ್ಪು ಸೇರುವುದು ನಿಮ್ಮ ಚಮಚದಿಂದ ಮಾತ್ರ ಅಲ್ಲ. ಡಬ್ಬಿ ಕಾಳು, ಡಬ್ಬಿ ಟೊಮೆಟೊ, ಸ್ಟಾಕ್ ಕ್ಯೂಬ್ (ಸಾರಿಗೆ ರುಚಿ ಕೊಡಲು ಹಾಕುವ ರೆಡಿ ಬಿಲ್ಲೆ), ರೆಡಿ ಮಸಾಲೆ, ಮೇಲೆ ಚೀಸ್, ಎಲ್ಲದರಲ್ಲೂ ಇದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಡಬ್ಬಿ ಕಾಳನ್ನು ಜಾಲರಿಗೆ ಸುರಿದು ನಲ್ಲಿ ಕೆಳಗೆ ತೊಳೆದರೆ ಅದರ ಸೋಡಿಯಂ ಸುಮಾರು 40 ಶೇಕಡಾ ಇಳಿಯುತ್ತದೆ. ಒಂದು ನಿಮಿಷದ ಕೆಲಸ. ಸ್ಟಾಕ್ ಕ್ಯೂಬ್ ಬಿಟ್ಟು ಬರೀ ನೀರು ಹಾಕಿ, ಚೆನ್ನಾಗಿ ಹುರಿದಿದ್ದರೆ ಕ್ಯೂಬ್ ಇಲ್ಲ ಅಂತ ಗೊತ್ತೇ ಆಗುವುದಿಲ್ಲ.

ಕೊನೆಯಲ್ಲಿ ಸಪ್ಪೆ ಅನ್ನಿಸಿದರೆ ಉಪ್ಪಿಗೆ ಕೈ ಹಾಕುವ ಮೊದಲು ನಿಂಬೆರಸ ಹಿಂಡಿ ನೋಡಿ. ಅರ್ಧಕ್ಕರ್ಧ ಸಲ ಕಡಿಮೆಯಾಗಿರುವುದು ಹುಳಿ, ಉಪ್ಪಲ್ಲ.

ಸಕ್ಕರೆ ಹಾಕಬೇಕಾ?

ಬೇಕಿಲ್ಲ. ಈರುಳ್ಳಿ ನಿಧಾನಕ್ಕೆ ಬಾಡಿದರೆ, ಟೊಮೆಟೊ ಪೇಸ್ಟ್ ಹುರಿದರೆ ಸಿಹಿ ತಾನಾಗಿ ಬರುತ್ತದೆ. ಕೋಕೊ ಪುಡಿ ಮಾತ್ರ ಬಿಡಬೇಡಿ.

ಚಿಲಿ ನೀರು ನೀರಾಗಿದೆ, ಏನು ಮಾಡಲಿ?

ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಿ. ಅದಕ್ಕೂ ಸಮಯ ಇಲ್ಲದಿದ್ದರೆ ಒಂದು ಹಿಡಿ ಬೆಂದ ಕಾಳನ್ನು ಸೌಟಿನ ಹಿಂಬದಿಯಿಂದ ಪಾತ್ರೆಯ ಅಂಚಿಗೆ ಒತ್ತಿ ಕಿವುಚಿ ಬೆರೆಸಿ, ಎರಡೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಟೆಕ್ಸಸ್ ಕಡೆ ಮಾಸಾ ಹರೀನಾ, ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು, ಒಂದು ಚಮಚ ಕದಡಿ ಹಾಕುತ್ತಾರೆ. ಅದರ ಪರಿಮಳ ತುಂಬಾ ಚೆನ್ನ. ಮೈದಾ ಹಾಕಬೇಡಿ, ರುಚಿಗೆ ಮುಸುಕು ಹಾಕಿದ ಹಾಗಾಗುತ್ತದೆ.

ಖಾರ ಜಾಸ್ತಿ ಆಗಿಹೋಯ್ತು!

ನೀರು ಸುರಿಯಬೇಡಿ, ಕುಡಿಯಲೂ ಬೇಡಿ. ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೊಟೀನ್ ಅದನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಬಡಿಸುವಾಗ ಮೇಲೆ ಗಟ್ಟಿ ಮೊಸರು ಹಾಕಿ. ಪಾತ್ರೆಯಲ್ಲೇ ಸರಿ ಮಾಡಬೇಕೆಂದರೆ ಇನ್ನೊಂದು ಡಬ್ಬಿ ಕಾಳು, ಇನ್ನಷ್ಟು ಟೊಮೆಟೊ ಸೇರಿಸಿ ಪ್ರಮಾಣ ಹೆಚ್ಚಿಸುವುದೊಂದೇ ದಾರಿ. ಹಸಿ ಮೆಣಸಿನಕಾಯಿ ಹಾಕುವವರಿಗೆ ಇನ್ನೊಂದು ಮಾತು: ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅದನ್ನು ಚಾಕುವಿನಿಂದ ಕೆರೆದು ತೆಗೆದರೆ ಖಾರ ತುಂಬಾ ಇಳಿಯುತ್ತದೆ.

ಮಕ್ಕಳಿಗೂ ದೊಡ್ಡವರಿಗೂ ಒಂದೇ ಪಾತ್ರೆಯಲ್ಲಿ ಆಗುತ್ತಾ?

ಖಾರವಿಲ್ಲದ ಪುಡಿಯಿಂದಲೇ ಪೂರ್ತಿ ಮಾಡಿ. ದೊಡ್ಡವರ ಬಟ್ಟಲಿಗೆ ಹೆಚ್ಚಿದ ಹಲಪೀನ್ಯೊ ಅಥವಾ ಹಾಟ್ ಸಾಸ್ ಮೇಲಿಂದ ಹಾಕಿಕೊಂಡರಾಯ್ತು.

ಸ್ಲೋ ಕುಕ್ಕರ್, ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್‌ನಲ್ಲಿ ಹೇಗೆ?

ಎರಡರಲ್ಲೂ ಹುರಿಯುವ ಕೆಲಸ ತಪ್ಪಿಸಬೇಡಿ. ಎಲ್ಲವನ್ನೂ ಹಸಿಯಾಗಿ ತುಂಬಿ ಬಟನ್ ಒತ್ತುವ ವಿಧಾನಗಳು ಬೇಕಾದಷ್ಟಿವೆ, ನನಗಂತೂ ಅವು ಟೊಮೆಟೊ ಸಾರಿನಲ್ಲಿ ಬೆಂದ ಖೀಮಾದಂತೆ ಕಾಣುತ್ತವೆ. ಹುರಿದ ಮೇಲೆ ಸ್ಲೋ ಕುಕ್ಕರ್‌ಗೆ ಹಾಕಿ ಸಣ್ಣ ಬಿಸಿಯಲ್ಲಿ 6ರಿಂದ 8 ಗಂಟೆ, ಹೆಚ್ಚಿನ ಬಿಸಿಯಲ್ಲಿ 3ರಿಂದ 4 ಗಂಟೆ. ಅದರಲ್ಲಿ ನೀರು ಆರುವುದಿಲ್ಲ, ಹಾಕುವಾಗಲೇ ಅರ್ಧ ಮಾಡಿ.

ಪ್ರೆಶರ್ ಕುಕ್ಕರ್‌ನಲ್ಲಿ ತಳ ಸೀಯುವುದೇ ದೊಡ್ಡ ತಲೆನೋವು. ಈರುಳ್ಳಿ, ಮಸಾಲೆ ಹುರಿದಾದ ಮೇಲೆ ನೀರು ಹಾಕಿ ತಳ ಚೆನ್ನಾಗಿ ಕೆರೆಯಿರಿ. ಟೊಮೆಟೊವನ್ನು ಕೊನೆಗೆ ಮೇಲಿಂದ ಸುರಿದು ಕಲಕದೆ ಮುಚ್ಚಿ. ಬೆಂದ ಕಾಳಾದರೆ 10 ನಿಮಿಷದ ಒತ್ತಡ ಸಾಕು.

ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಉಪಾಯ ಇದೆಯಾ?

ಕಾಳಿನಲ್ಲಿರುವ ಒಂದು ಬಗೆಯ ಸಕ್ಕರೆಯನ್ನು ನಮ್ಮ ಸಣ್ಣ ಕರುಳು ಜೀರ್ಣ ಮಾಡುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಗಾಳಿ ಬಿಡುತ್ತವೆ. ನೆನೆಸಿದ ನೀರು ಚೆಲ್ಲುವುದು, ಡಬ್ಬಿ ಕಾಳು ತೊಳೆಯುವುದು ಸ್ವಲ್ಪ ಸಹಾಯ ಮಾಡುತ್ತದೆ. ಅಭ್ಯಾಸ ಇಲ್ಲದವರು ಮೊದಲು ಅರ್ಧ ಕಾಳು ಹಾಕಿ, ವಾರ ವಾರಕ್ಕೆ ಹೆಚ್ಚಿಸಿ.

ಮೇಲೆ ಏನು ಹಾಕಿಕೊಳ್ಳಬಹುದು?

ಹಗುರ ಮಾಡಿದ ಚಿಲಿಯ ಲೆಕ್ಕ ತಪ್ಪುವುದು ಇಲ್ಲೇ. 30 ಗ್ರಾಂ ಚೆಡ್ಡಾರ್ ಚೀಸ್ ಅಂದರೆ ಸುಮಾರು 120 ಕ್ಯಾಲರಿ, ನೋಡಲು ಒಂದು ಹಿಡಿಯೂ ಇರುವುದಿಲ್ಲ. ಅದರ ಜೊತೆ ಸೌರ್ ಕ್ರೀಮ್, ಚಿಪ್ಸ್ ಸೇರಿದರೆ ಮೇಲಿನದೇ ಒಂದು ಊಟವಾಯ್ತು. ಚೀಸ್ ಬೇಕೇ ಬೇಕು ಅಂದರೆ ಜೋರು ರುಚಿಯ ಹಳೆಯ ಚೆಡ್ಡಾರ್ ತಂದು ಸಣ್ಣಗೆ ತುರಿಯಿರಿ, ಅರ್ಧದಷ್ಟೇ ಸಾಕಾಗುತ್ತದೆ. ಸೌರ್ ಕ್ರೀಮ್ ಬದಲು ಗ್ರೀಕ್ ಮೊಸರು. ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು, ನಿಂಬೆ ಹೋಳು ಎಷ್ಟು ಬೇಕಾದರೂ ಹಾಕಿಕೊಳ್ಳಿ. ಬೆಣ್ಣೆಹಣ್ಣಿನ ನಾಲ್ಕು ಚೂರು ಇದ್ದರೆ ಚೀಸ್ ನೆನಪೇ ಬರುವುದಿಲ್ಲ.

ಮಾರನೇ ದಿನಕ್ಕೆ ಇನ್ನೂ ರುಚಿ ಅಂತಾರೆ. ಎಷ್ಟು ದಿನ ಇಡಬಹುದು?

ರಾತ್ರಿಯಿಡೀ ಕಾಳು ಸಾರನ್ನು ಎಳೆದುಕೊಳ್ಳುತ್ತದೆ, ಮಸಾಲೆ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಆದ್ದರಿಂದ ರುಚಿ ಏರುವುದು ನಿಜ. ಮಾಡಿದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಲಿ. ದೊಡ್ಡ ಪಾತ್ರೆಯನ್ನೇ ಇಟ್ಟರೆ ನಡುಭಾಗ ತುಂಬಾ ಹೊತ್ತು ಬೆಚ್ಚಗೇ ಇರುತ್ತದೆ, ಅಗಲವಾದ ಸಣ್ಣ ಡಬ್ಬಿಗಳಿಗೆ ಹಂಚಿ ಇಡಿ. ಫ್ರಿಜ್‌ನಲ್ಲಿ 3–4 ದಿನ, ಫ್ರೀಜರ್‌ನಲ್ಲಿ 2–3 ತಿಂಗಳು. ಬಿಸಿ ಮಾಡುವಾಗ ಪೂರ್ತಿ ಕುದಿ ಬರಬೇಕು. ತಣ್ಣಗಾದಾಗ ಮೇಲೆ ಕೊಬ್ಬಿನ ಪದರ ಗಟ್ಟಿ ಕಟ್ಟಿದ್ದರೆ ಚಮಚದಿಂದ ಎತ್ತಿ ಹಾಕಿಬಿಡಿ.

ಉಳಿದ ಚಿಲಿಯನ್ನು ಮೂರನೇ ದಿನವೂ ಅದೇ ರೀತಿ ತಿನ್ನೋಕೆ ಬೇಜಾರು.

ಬೇಯಿಸಿದ ಇಡೀ ಆಲೂಗಡ್ಡೆ ಅಥವಾ ಗೆಣಸನ್ನು ಸೀಳಿ ಅದರೊಳಗೆ ತುಂಬಿ. ಸಿಪ್ಪೆ ಸಮೇತ ತಿಂದರೆ ನಾರು ಇನ್ನಷ್ಟು. ಬಾಣಲೆಯಲ್ಲಿ ಚಿಲಿ ಬಿಸಿ ಮಾಡಿ, ನಡುವೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ ಮುಚ್ಚಿಡಬಹುದು. ಬಿಳಿ ಭಾಗ ಗಟ್ಟಿಯಾಗಲು ಐದಾರು ನಿಮಿಷ. ಹಳದಿಯೂ ಗಟ್ಟಿಯಾಗಬೇಕಾದವರು ಇನ್ನೆರಡು ನಿಮಿಷ ಬಿಡಿ. ಒಂದೆರಡು ಸೌಟು ಮಾತ್ರ ಉಳಿದಿದ್ದರೆ ಎರಡು ಕಪ್ ನೀರು, ಒಂದು ಹಿಡಿ ಪಾಲಕ್ ಸೊಪ್ಪು ಸೇರಿಸಿ ಕುದಿಸಿ, ಇಬ್ಬರಿಗೆ ಸೂಪ್ ಆಗುತ್ತದೆ.